ಆಲೂಗಡ್ಡೆಯ ವಾಸನೆ

ತಗಡಿನ ತಟ್ಟೆಯ ಮೇಲೆ ಕಾಳು ಬಿದ್ದ ಸದ್ದು. ಒಂದು ಹಿಡಿಯಷ್ಟಿರಬೇಕು, ಚಿಟಚಿಟ ಎಂದು ನಿಂತುಹೋಯಿತು. ರಾತ್ರಿ ಬಹಳ ಹೊತ್ತಾಗಿತ್ತು. ನಾನು ಮಲಗುವ ಕೋಣೆಗೂ ಕಾಫಿಯ ರುಚಿ ನೋಡುವ ಕೋಣೆಗೂ ನಡುವೆ ಇರುವುದು ಒಂದು ಹಲಗೆಯ ಗೋಡೆ. ಇಲಿ ಇರಬಹುದು ಎಂದುಕೊಂಡೆ. ಆದರೆ ಇಲಿ ಕೆಮ್ಮುವುದಿಲ್ಲ.

ಹಲಗೆಯ ಸಂದಿಯಿಂದ ನೋಡಿದೆ. ನಮ್ಮ ಕಾಫಿ ತೊಳೆಯುವ ಘಟಕದ ಮ್ಯಾನೇಜರ್ ಅನಾಕ್ಲೆ, ಕತ್ತಿಗೂ ಭುಜಕ್ಕೂ ನಡುವೆ ಮೊಬೈಲ್ ಸಿಕ್ಕಿಸಿಕೊಂಡು, ಅದರ ಬೆಳಕಿನಲ್ಲಿ ತಟ್ಟೆಯಲ್ಲಿದ್ದ ಬೀಜಕ್ಕೆ ಇನ್ನೊಂದು ಚೀಲದಿಂದ ಬೀಜ ಬೆರೆಸುತ್ತಿದ್ದ. ತಟ್ಟೆಯಲ್ಲಿದ್ದದ್ದು ಮರುದಿನ ರುಚಿ ನೋಡಲು ನಾನು ತೆಗೆದಿಟ್ಟ ಮಾದರಿ. ಚೀಲದಲ್ಲಿದ್ದದ್ದು ಹೆಂಗಸರು ಆರಿಸಿ ಎಸೆದ, ಹುಳು ಚುಚ್ಚಿದ ಬೀಜ. ಅಂಥ ಒಂದು ಬೀಜ ಸೇರಿದರೂ ಸಾಕು, ಹುರಿದು ಪುಡಿಮಾಡಿ ಬಿಸಿನೀರು ಹೊಯ್ದಾಗ ಇಡೀ ಬಟ್ಟಲು ಹಸಿ ಆಲೂಗಡ್ಡೆಯ ಸಿಪ್ಪೆಯಂತೆ ನಾರುತ್ತದೆ. ಕಿವು ಸರೋವರದ ಸುತ್ತಿನ ನಮ್ಮ ಬೆಟ್ಟಗಳ ಕಾಫಿಗೆ ಅಂಟಿದ ಶಾಪ ಅದು. ಕೊಳ್ಳುವವರು ಬೇರೆ ಯಾವ ದೋಷವನ್ನಾದರೂ ಮನ್ನಿಸುತ್ತಾರೆ, ಇದನ್ನು ಮಾತ್ರ ಇಲ್ಲ.

ಮರುದಿನ ಮಧ್ಯಾಹ್ನ ಡೆನ್ಮಾರ್ಕಿನ ಟೋರ್ಬೆನ್ ಬರುವವನಿದ್ದ. ದಲ್ಲಾಳಿಗಳು ಬೇಡ, ಬೆಳೆದವರಿಂದಲೇ ನೇರವಾಗಿ ಕೊಳ್ಳುತ್ತೇನೆ ಎಂದು, ಗಿಡ ಹೂ ಬಿಟ್ಟಾಗಲೇ ಸ್ಪೆಸಿಯೋಸಮ್ಮ ಮುಂದಾಳಾಗಿದ್ದ ಬೆಳೆಗಾರ ಹೆಂಗಸರ ಸಂಘದೊಡನೆ ದರ ಗೊತ್ತುಮಾಡಿಕೊಂಡಿದ್ದ. ಆಗಿನ ಪೇಟೆಗೆ ಅದು ಒಳ್ಳೆಯ ದರವೇ. ಆಮೇಲೆ ಎಲ್ಲೋ ದೂರದಲ್ಲಿ ಬೆಳೆ ಕೆಟ್ಟಿತಂತೆ. ಪೇಟೆ ಏರಿತು, ಇನ್ನೂ ಏರಿತು. ಸೈಕಲ್ ವ್ಯಾಪಾರಿಗಳು ದಾರಿಯಲ್ಲೇ ಹೆಂಗಸರ ಬುಟ್ಟಿ ಹಿಡಿದು ಹೆಚ್ಚಿನ ದುಡ್ಡು ತೋರಿಸಿದರು. ಸಂಘದ ಒಬ್ಬಳೂ ಅವರಿಗೆ ಕಾಫಿ ಹಣ್ಣು ಕೊಡಲಿಲ್ಲ. ಮಾತು ಕೊಟ್ಟಾಗಿತ್ತು. ಎಲ್ಲವೂ ನಮ್ಮ ಘಟಕಕ್ಕೇ ಬಂತು. ಅರ್ಧ ಹಣ ಆಗಲೇ ಹೆಂಗಸರ ಕೈಗೆ ಸಿಕ್ಕಿತ್ತು. ಉಳಿದರ್ಧ ಟೋರ್ಬೆನ್ ಒಪ್ಪಿದ ಮೇಲೆ. ಅವನು ಒಪ್ಪದಿದ್ದರೆ ಕಾಫಿ ಕೀಳು ದರ್ಜೆಯೆಂದು ಘಟಕಕ್ಕೇ ಉಳಿಯುತ್ತದೆ, ಹೆಂಗಸರಿಗೆ ಉಳಿದರ್ಧ ಇಲ್ಲ. ಆಮೇಲೆ ನಿಜವಾಗಿ ದೋಷವೇ ಇಲ್ಲದ ಅದೇ ಮೂಟೆಗಳನ್ನು ಅನಾಕ್ಲೆ ರಾಜಧಾನಿ ಕಿಗಾಲಿಯ ವ್ಯಾಪಾರಿಗೆ ಇವತ್ತಿನ ದರದಲ್ಲಿ ಮಾರಬಹುದು.

ಕಳ್ಳತನ ನಾನು ನೋಡದ್ದಲ್ಲ. ಆದರೆ ಆ ಹೆಂಗಸರು ಬಿಸಿಲಲ್ಲಿ ನಿಂತು, ಕಣ್ಣು ಕಿರಿದು ಮಾಡಿ, ಒಂದೊಂದಾಗಿ ಆರಿಸಿ ತೆಗೆದ ಹೊಲಸನ್ನೇ ಕೂಡಿಟ್ಟು ಮತ್ತೆ ಅವರ ಕಾಫಿಗೆ ಸುರಿಯುವುದು! ಅವನು ತಟ್ಟೆ ಕುಲುಕಿ, ಬೆರಳು ಪ್ಯಾಂಟಿಗೆ ಒರೆಸಿಕೊಂಡು, ಮೋಟಾರ್‌ಬೈಕನ್ನು ಸದ್ದಾಗದಂತೆ ತಳ್ಳಿಕೊಂಡು ಹೋದ.

ನಾನು ಧೈರ್ಯಸ್ಥೆಯಲ್ಲ. ಬೆಳಗಾಗುವವರೆಗೂ ಅವನು ಮರಳಿ ಬಂದಾನೆಂದು ಬಾಗಿಲನ್ನೇ ನೋಡುತ್ತಿದ್ದೆ. ಬೆಳಕು ಹರಿಯುತ್ತಲೇ ಗೋದಾಮಿಗೆ ಹೋಗಿ ಮೂಟೆಗಳಿಗೆ ಕೊಳವೆ ಚುಚ್ಚಿ ಹೊಸ ಬೀಜ ತೆಗೆದೆ, ಸಿಪ್ಪೆ ಬಿಡಿಸಿ ಹುರಿದೆ. ಅವನು ಬೆರೆಸಿದ್ದನ್ನು ಕಕ್ಕಸಿನ ಗುಂಡಿಗೆ ಸುರಿದು ಬಂದು ಎರಡೆರಡು ಸಲ ಸೋಪು ಹಚ್ಚಿ ಕೈ ತೊಳೆದೆ.

ಮಧ್ಯಾಹ್ನಕ್ಕೆ ಹೆಂಗಸರು ಒಳ್ಳೆಯ ಬಟ್ಟೆ ಸುತ್ತಿಕೊಂಡು ಬಂದು ಬಾಗಿಲ ಬಳಿ ಗುಂಪಾದರು.

"ಅಲ್ಲ ಗೊಡೆಲಿವ್," ಎಂದಳು ಸ್ಪೆಸಿಯೋಸಮ್ಮ, "ನಾವು ದಿನಾ ಆಲೂಗಡ್ಡೆ ತಿಂದೇ ಬದುಕಿರೋದು. ಈ ಬಿಳಿಯಪ್ಪನಿಗೆ ಅದರ ವಾಸನೆ ಅಂದ್ರೆ ಯಾಕಮ್ಮ ಅಷ್ಟು ಹೆದರಿಕೆ?"

"ಹೆಂಡ್ತಿ ಮೂರು ಹೊತ್ತೂ ಅದನ್ನೇ ಬೇಯಿಸಿ ಹಾಕಿರ್ತಾಳೆ," ಎಂದಳು ಗುಂಪಿನಲ್ಲಿದ್ದ ದಾತೀವ್. ಎಲ್ಲರೂ ನಕ್ಕರು.

ಅನಾಕ್ಲೆಯೂ ನಕ್ಕ. "ನಗಿ, ನಗಿ. ಈ ವರ್ಷ ಹುಳ ಜಾಸ್ತಿ ಇತ್ತು ತಾಯಂದಿರೇ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನನ್ನ ಬೈಬೇಡಿ, ದೇವರನ್ನ ಕೇಳಿ." ಅವನ ಮುಖದಲ್ಲಿ ದುಃಖ ಆಗಲೇ ತಯಾರಾಗಿ ಕೂತಿತ್ತು.

ಟೋರ್ಬೆನ್ ಬಂದವನೇ ಎಲ್ಲರ ಕೈ ಕುಲುಕಿದ. "ನೀವೆಲ್ಲ ನನ್ನ ಮನೆಯವರ ಹಾಗೆ ಅಂತ ಹೇಳು," ಎಂದ. ನಾನು ಹೆಂಗಸರಿಗೆ ನಮ್ಮ ಭಾಷೆಯಲ್ಲಿ ಹೇಳಿದೆ. ಆಮೇಲೆ ಅವನು ಮೊಬೈಲಿನಲ್ಲಿ ನ್ಯೂಯಾರ್ಕ್ ಪೇಟೆಯ ದರ ನೋಡಿ ನನ್ನ ಕಡೆ ಬಾಗಿ, "ಇವತ್ತು ಮತ್ತೆ ಏರಿದೆ. ಅವತ್ತೇ ಮಾತು ಮುಗಿಸಿದ್ದು ಎಂಥ ಅದೃಷ್ಟ ನೋಡು!" ಎಂದ. ಇದನ್ನೂ ಹೇಳಬೇಕೇ ಎಂದು ನಾನು ಕೇಳಲಿಲ್ಲ.

ಮೇಜಿನ ಮೇಲೆ ಐದು ಬಟ್ಟಲು. ಅವನು ಚಮಚದಿಂದ ಸರ್‍ರೆಂದು ಹೀರಿ ಡಬ್ಬಿಗೆ ಉಗಿಯುತ್ತಾ ಬಂದ. "ಹಸು ಕಲಗಚ್ಚು ಕುಡಿದ ಹಾಗೆ," ಎಂದು ಯಾರೋ ಪಿಸುಗುಟ್ಟಿದರು. ನಾನು ನೋಡುತ್ತಿದ್ದದ್ದು ಅನಾಕ್ಲೆಯನ್ನು. ಮೊದಲ ಬಟ್ಟಲಿಗೆ ಅವನು ನೆಲ ನೋಡಿದ. ಮೂರನೆಯದಕ್ಕೆ ತಲೆಯೆತ್ತಿದ. ಐದನೆಯದಾದ ಮೇಲೆ ಟೋರ್ಬೆನ್, "ಒಂದು ಚೂರೂ ದೋಷವಿಲ್ಲ. ಕಿತ್ತಳೆ, ಜೇನು," ಎಂದಾಗ ಅನಾಕ್ಲೆ ತಾನೇ ಮುಂದೆ ಬಂದು ಒಂದೊಂದು ಬಟ್ಟಲಿಗೂ ಮೂಗು ತೂರಿಸಿ ಮೂಸಿದ. ಮೂಗಿನ ತುದಿಗೆ ಪುಡಿ ಮೆತ್ತಿಕೊಂಡಿತು.

"ಇಂಥ ಎಚ್ಚರದ ಮನುಷ್ಯ ಸಿಗೋದು ಕಷ್ಟ," ಎಂದು ಟೋರ್ಬೆನ್ ಅವನ ಬೆನ್ನು ತಟ್ಟಿ ಅವನೊಡನೆ ಫೋಟೋ ತೆಗೆಸಿಕೊಂಡ. ಸ್ಪೆಸಿಯೋಸಮ್ಮ ಅನಾಕ್ಲೆಯ ಎರಡೂ ಕೈ ಹಿಡಿದುಕೊಂಡಳು. "ನೀನಿಲ್ದೇ ಹೋಗಿದ್ರೆ ನಮ್ಮ ಕಾಫೀನ ಕಾಯೋರ್‍ಯಾರಿದ್ರು ಮಗಾ?"

ಅವನು ತಲೆ ಬಾಗಿಸಿ ಆ ಹೊಗಳಿಕೆಯನ್ನು ಸ್ವೀಕರಿಸಿದ.

ಹೆಂಗಸರು ಹೊರಗೆ ಹೋದಾಗ ನಾನು ಪದಗಳನ್ನು ಅಳೆದು ಟೋರ್ಬೆನ್‌ನನ್ನು ಕೇಳಿದೆ: ಪೇಟೆ ಇಷ್ಟು ಏರಿರುವಾಗ ಸಂಘಕ್ಕೆ ಏನಾದರೂ ಸೇರಿಸಿ ಕೊಡಬಹುದೇ?

"ಗೊಡೆಲಿವ್, ದರ ಬಿದ್ದಿದ್ದರೆ ನಾನು ಕಡಿಮೆ ಕೊಡ್ತಿದ್ದೆನಾ? ಮಾತು ಅಂದ್ರೆ ಮಾತು." ಅವನು ಹೇಳಿದ್ದು ನ್ಯಾಯವಾಗಿಯೇ ಇತ್ತು. ಅದಕ್ಕೇ ಇನ್ನಷ್ಟು ಹೇಸಿಗೆಯಾಯಿತು. ಆ ಮಾತನ್ನು ಉಳಿಸಿಕೊಳ್ಳಲು ನಷ್ಟ ಮಾಡಿಕೊಂಡವರು ಹೊರಗೆ ಹಾಡುತ್ತಿದ್ದರು; ಲಾಭ ಮಾಡಿಕೊಂಡವನು ಮಾತಿನ ಬೆಲೆ ಹೇಳುತ್ತಿದ್ದ.

ಬಟ್ಟಲು ತೊಳೆಯುತ್ತಿದ್ದಾಗ ಅನಾಕ್ಲೆ ಹಿಂದೆ ಬಂದು ನಿಂತ.

"ನಿನ್ನದೇ ಕೆಲಸ, ಅಲ್ವಾ?"

"ಯಾವ್ದು?"

"ಓದಿದೋಳು ನೀನು, ಲೆಕ್ಕ ಬರುತ್ತೆ. ಯಾರಿಗೆ ಉಪಕಾರ ಮಾಡ್ದೆ ಹೇಳು? ಇವತ್ತಿನ ದರಕ್ಕೂ ಅವನ ದರಕ್ಕೂ ಮಧ್ಯ ಇರೋದೆಲ್ಲ ಅವನ ಜೇಬಿಗೆ ಹೋಯ್ತು. ನಾನಾದ್ರೂ ಈ ಊರೋನು."

"ಅದರಲ್ಲಿ ಹೆಂಗಸರಿಗೆ ಎಷ್ಟು ಕೊಡ್ತಿದ್ರಿ?"

ಅವನು ನಕ್ಕ. "ಹೋಗು, ಅವನಿಗೆ ಹೇಳು. ಈ ಘಟಕದಲ್ಲಿ ಮೋಸ ಇದೆ ಅಂತ ಗೊತ್ತಾದ್ರೆ ಮುಂದಿನ ವರ್ಷ ಪಕ್ಕದ ಬುರುಂಡಿಗೆ ಹೋಗ್ತಾನೆ. ಆಮೇಲೆ ನಿನ್ನ ಸ್ಪೆಸಿಯೋಸಮ್ಮ ಯಾರ ಮನೆ ಬಾಗಿಲಿಗೆ ಬುಟ್ಟಿ ಹೊರ್ತಾಳೆ?"

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಸರೋವರದ ಆಚೆ ದಡದ ಒಂದು ಘಟಕಕ್ಕೆ ಇಂಥ ಹೆಸರು ಬಂದ ಮೇಲೆ ಅತ್ತ ಒಬ್ಬನೂ ತಲೆ ಹಾಕಿಲ್ಲ. ಹೆಂಗಸರಿಗೆ ಹೇಳಿದರೆ? ಅನಾಕ್ಲೆಯನ್ನು ಬೈದು ಮುಗಿಸಿದ ಮೇಲೆ, ಹಾಗಾದರೆ ಇವತ್ತಿನ ದರ ಎಷ್ಟು ಮಗಳೇ ಎಂದು ನನ್ನನ್ನೇ ಕೇಳುತ್ತಾರೆ; ಅವರಿಗಾದ ನಷ್ಟವನ್ನು ನಾನೇ ಹೇಳಬೇಕಾಗುತ್ತದೆ.

ಹೊರಗೆ ಬಾಳೆಹಣ್ಣಿನ ಹೆಂಡದ ಗಡಿಗೆ ಬಂದಿತ್ತು. ಹೀರಲು ಎಲ್ಲರಿಗೂ ಒಂದೇ ಕೊಳವೆ. ನಮ್ಮಲ್ಲಿ ಅದನ್ನು ಬೇಡ ಎಂದರೆ ತನಗಿಂತ ಮೊದಲು ಕುಡಿದವನ ಮೇಲೆ ಆಪಾದನೆ ಹೊರಿಸಿದಂತೆಯೇ; ಯಾಕೆಂದು ಎಲ್ಲರೂ ಕೇಳುತ್ತಾರೆ, ಉತ್ತರ ಕೊಡಲೇಬೇಕು. ಸ್ಪೆಸಿಯೋಸಮ್ಮ ಮೊದಲ ಮರ್ಯಾದೆ ಅನಾಕ್ಲೆಗೆ ಕೊಟ್ಟಳು. ಅವನು ದೀರ್ಘವಾಗಿ ಹೀರಿ, ತುಟಿ ಚಪ್ಪರಿಸಿ, ಗಡಿಗೆಯನ್ನು ನೇರ ನನ್ನ ಕಡೆ ಚಾಚಿದ. ಕೊಳವೆಯ ತುದಿಯಲ್ಲಿ ಅವನ ಎಂಜಲು ಮಿನುಗುತ್ತಿತ್ತು.

"ತಗೋ ತಂಗಿ."

"ಯಾಕೆ ಮಗಳೇ, ಮುಖ ಹಾಗಿದೆ?" ಎಂದಳು ಸ್ಪೆಸಿಯೋಸಮ್ಮ. "ಏನಾದ್ರೂ ಆಯ್ತಾ?"

ಹಾಡು ನಿಂತಿತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಯಾರಿಗೂ ಹೇಳಬಾರದು, ಇವತ್ತಲ್ಲ, ಯಾವತ್ತೂ ಅಲ್ಲ ಎಂದು ಆಗ ನಿರ್ಧರಿಸಿದೆ.

"ಏನಿಲ್ಲಮ್ಮ," ಎಂದು ಕೊಳವೆಯನ್ನು ಒರೆಸದೆ ಬಾಯಿಗಿಟ್ಟುಕೊಂಡೆ.