ಸಪ್ಪೆಯ ರಕ್ತ

ಬಿಟ್ಟಿಯಾಗಿ ಕೊಡುವವನ ಕೈ ನೋಡಬೇಡ, ಕಣ್ಣು ನೋಡು ಅನ್ನುವುದು ಪೇಂಟ್ ಮೇಸ್ತ್ರಿಯ ಸಿದ್ಧಾಂತ. ಹಾಗಾಗಿ, ಬಸ್ಸಿನ ಬಾಡಿ ಕಟ್ಟುವ ಆ ಶೆಡ್ಡಿನಲ್ಲಿ ಐವತ್ತು ದಾಟಿದವರಿಗೆಲ್ಲ ಕಂಪನಿಯೇ ಖರ್ಚು ಹಾಕಿ ರಕ್ತಪರೀಕ್ಷೆ ಮಾಡಿಸುತ್ತದೆ ಎಂದು ಮ್ಯಾನೇಜರ್ ಹೇಳಿದಾಗ ಮೇಸ್ತ್ರಿ ಅವನ ಕಣ್ಣನ್ನೇ ನೋಡಿದ. ಮ್ಯಾನೇಜರ್ ಕಣ್ಣುಜ್ಜಿಕೊಂಡ. ಥಿನ್ನರ್ ವಾಸನೆಗೆ ಯಾರಾದರೂ ಉಜ್ಜಿಕೊಳ್ಳುತ್ತಾರೆ. ಆದರೆ ಮೇಸ್ತ್ರಿಗೆ ಅಷ್ಟೇ ಸಾಕಾಯಿತು.

"ದೊಡ್ಡ ಕರುಳಿನ ಕ್ಯಾನ್ಸರ್ ಬರೋ ಸಂಭವ ಎಷ್ಟಿದೆ ಅಂತ ರಕ್ತದಲ್ಲೇ ಕೆಲವು ಗುರುತು ಸಿಗುತ್ತಂತೆ," ಎಂದ ಮ್ಯಾನೇಜರ್. "ಅಂಕಿ ಜಾಸ್ತಿ ಬಂದ್ರೆ ರೋಗ ಇದ್ದೇ ಇದೆ ಅಂತಲ್ಲ. ಒಳಗೆ ಕ್ಯಾಮೆರಾ ಬಿಟ್ಟು ನೋಡ್ಬೇಕು, ಅಷ್ಟೇ."

"ಕ್ಯಾಮೆರಾ ಎಲ್ಲಿಂದ ಬಿಡ್ತಾರೆ ಸಾರ್?" ವೆಲ್ಡರ್ ಕೇಳಿದ.

"ಬಾಯಿಂದ ಅಂತೂ ಅಲ್ಲ."

ತಗಡಿನ ಸೂರು ಹಾರುವಂತೆ ಎಲ್ಲರೂ ನಕ್ಕರು. ಮೇಸ್ತ್ರಿ ಮಾತ್ರ ನಗಲಿಲ್ಲ. ಊಟದ ಹೊತ್ತಿಗೆ ವೆಲ್ಡರನ ತೋಳು ಹಿಡಿದು ಮೂಲೆಗೆ ಎಳೆದ.

"ಕರುಳೂ ಇಲ್ಲ, ಮಣ್ಣೂ ಇಲ್ಲ ಕಣೋ. ಕುಡಿಯೋರು ಯಾರು ಅಂತ ಕಂಡುಹಿಡಿಯೋ ಉಪಾಯ ಇದು. ಬಣ್ಣ ಹೊಡೆಯೋ ಹೊಸ ಮಷೀನ್ ಬರ್ತಾ ಇದೆ, ಜನ ಕಮ್ಮಿ ಮಾಡ್ಬೇಕು. ಸುಮ್ಸುಮ್ನೆ ತೆಗೆದ್ರೆ ಗಲಾಟೆ ಆಗುತ್ತೆ. ಕುಡುಕ ಅಂತ ತೆಗೆದ್ರೆ ಕಟ್ಕೊಂಡ ಹೆಂಡ್ತೀನೂ ನಮ್ಮ ಪರ ನಿಲ್ಲಲ್ಲ."

ವೆಲ್ಡರನ ಮುಖ ಬಿಳಿಚಿತು. ಸಂಜೆ ಇಬ್ಬರೂ ಜೊತೆಯಲ್ಲೇ ಗಂಟಲು ಒದ್ದೆ ಮಾಡಿಕೊಳ್ಳುವವರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ಇಲ್ಲಿ ಯಾರೂ ಕಳ್ಳ ಎನ್ನುವ ಮೊದಲೇ ಇಬ್ಬರೂ ಹೆಗಲು ತೊಳೆದುಕೊಳ್ಳಲು ಹೊರಟರು.

ತೊಳೆಯಲು ಸಿಕ್ಕ ನೀರೆಂದರೆ ಸಪ್ಪೆ. ಅವನು ಮೇಸ್ತ್ರಿಯ ಹೆಂಡತಿಯ ತಮ್ಮ. ಅದೇ ಶೆಡ್ಡಿನಲ್ಲಿ ಬಸ್ಸಿನ ಸೀಟಿಗೆ ಹೊದಿಕೆ ಹೊಲಿಯುತ್ತಿದ್ದ. ಕುಡಿಯುವವನಲ್ಲ, ಸೇದುವವನಲ್ಲ, ಕಾಫಿಗೆ ಸಕ್ಕರೆ ಕಮ್ಮಿಯಾದರೂ ಕೇಳಿ ಹಾಕಿಸಿಕೊಳ್ಳುವವನಲ್ಲ. ಮದುವೆಯ ಗೊಡವೆಗೂ ಹೋಗದೆ ಅಕ್ಕನ ಮನೆಯ ಹೊರಕೋಣೆಯಲ್ಲೇ ಐವತ್ತು ದಾಟಿದ. ಹೆಸರು ತಾನಾಗಿ ಅಂಟಿಕೊಂಡಿತು.

"ಭಾವ, ಇದು ತಪ್ಪಲ್ವಾ?" ಎಂದ ಸಪ್ಪೆ.

"ರಕ್ತ ಕೊಡೋದು ಪುಣ್ಯದ ಕೆಲಸ ಕಣೋ. ಮುಚ್ಕೊಂಡು ಮಾಡು."

ಶೆಡ್ಡಿನಲ್ಲಿ ಪ್ರತಿಯೊಬ್ಬನ ಮೇಲಂಗಿಯ ಜೇಬಿನ ಮೇಲೂ ಹೆಸರು ಹೊಲಿದಿರುತ್ತದೆ. ರಕ್ತ ತೆಗೆಯಲು ಬಂದ ನರ್ಸುಗಳು ಬೇರೆ ಬೇರೆ ಮೇಜಿನಲ್ಲಿ ಕೂತು, ಆ ಜೇಬು ನೋಡಿಯೇ ಗಾಜಿನ ಕೊಳವೆಯ ಮೇಲೆ ಹೆಸರು ಬರೆದುಕೊಂಡರು. ಅಷ್ಟು ಜನರ ನಡುವೆ ಮುಖ ನೋಡುವ ಪುರುಸೊತ್ತು ಯಾರಿಗಿತ್ತು? ಸಪ್ಪೆ ತನ್ನ ಅಂಗಿಯಲ್ಲಿ ಒಂದು ಮೇಜಿಗೆ ಹೋದ. ಭಾವನ ಅಂಗಿ ತೊಟ್ಟು ಇನ್ನೊಂದಕ್ಕೆ ಹೋದ. ವೆಲ್ಡರನ ಅಂಗಿಯಲ್ಲಿ ಕೊನೆಯ ಮೇಜಿಗೆ ಹೋದಾಗ ನರ್ಸು ಅವನ ತೋಳು ತಿರುಗಿಸಿ ನೋಡಿದಳು.

"ಇಲ್ಲಿ ಆಗಲೇ ಚುಚ್ಚಿದ ಹಾಗಿದೆಯಲ್ಲ?"

"ಸೂಜಿ ಕೆಲಸ ಅಲ್ವಾ ಮೇಡಂ ನಂದು," ಎಂದ ಸಪ್ಪೆ. ಸುಳ್ಳು ಹೇಳಿ ಅಭ್ಯಾಸವಿಲ್ಲದವನಿಗೆ ನಿಜವೇ ಆಪತ್ತಿಗೆ ಒದಗಿತು.

ಕೆಲವು ದಿನ ಕಳೆದು ಫಲಿತಾಂಶ ಬಂತು. ಇಡೀ ಶೆಡ್ಡಿನಲ್ಲಿ ಮೂವರಿಗೆ ಅಂಕಿ ಮೇಲಿತ್ತು. ಮೇಸ್ತ್ರಿ, ವೆಲ್ಡರ್, ಸಪ್ಪೆ.

ಯಾವ ಮಗುವಿಗಾದರೂ ಅಲ್ಲಿಯೇ ಹೊಳೆಯುತ್ತಿತ್ತು. ಆದರೆ ಅನುಮಾನ ತಲೆಗೇರಿದವನಿಗೆ ಕಣ್ಣೆದುರಿನದು ಕಾಣುವುದಿಲ್ಲ, ಕಾಣದ್ದೆಲ್ಲ ನಿಚ್ಚಳವಾಗಿ ಕಾಣುತ್ತದೆ. ಮೇಸ್ತ್ರಿ ಗೆದ್ದವನಂತೆ ತೊಡೆ ತಟ್ಟಿದ.

"ನೋಡಿದ್ಯಾ! ನಮ್ಮ ರಕ್ತಾನೇ ನಾವು ಕೊಟ್ಟಿಲ್ಲ, ಆದ್ರೂ ನಮಗೆ ಕ್ಯಾನ್ಸರ್ ಬರುತ್ತಂತೆ! ಮೋಸಕ್ಕೆ ಇದಕ್ಕಿಂತ ಸಾಕ್ಷಿ ಬೇಕೇನೋ?"

"ಮತ್ತೆ ಸಪ್ಪೆಗೂ ಬಂದಿದೆಯಲ್ಲ ಮೇಸ್ತ್ರಿ?" ವೆಲ್ಡರನ ದನಿ ಯಾಕೋ ಸಣ್ಣಗಿತ್ತು.

"ನನ್ನ ಭಾಮೈದ ಅಲ್ವಾ, ಅದಕ್ಕೇ! ನನ್ನ ಕುಟುಂಬದ ಮೇಲೇ ಕಣ್ಣು ಹಾಕಿದಾರೆ ಬಡ್ಡಿಮಕ್ಕಳು."

ಊಟದ ಕೋಣೆಯಲ್ಲಿ ಬೆಂಚು ಹತ್ತಿ ನಿಂತು, ಇದೆಲ್ಲ ಬೊಗಳೆ, ಯಾರೂ ಆಸ್ಪತ್ರೆಗೆ ಹೋಗಕೂಡದು ಎಂದು ಗುಡುಗಿದ. ಸಪ್ಪೆಗೆ ಬೇರೆಯಾಗಿಯೇ ಹೇಳಿದ: "ಆ ಕಡೆ ತಲೆ ಹಾಕಿದ್ರೆ ಕಾಲು ಮುರೀತೀನಿ."

"ಸರಿ ಭಾವ," ಎಂದ ಸಪ್ಪೆ. ಎಂದಿಗಿಂತ ಬೇಗ ಎಂದ.

ಅಷ್ಟಕ್ಕೇ ಸುಮ್ಮನಿದ್ದರೆ ಅವನು ಮೇಸ್ತ್ರಿಯೇ ಅಲ್ಲ. ರಜೆ ಹಾಕಿ, ಮೂವರ ವರದಿಯನ್ನೂ ಹಿಡಿದು ರಕ್ತ ಪರೀಕ್ಷಿಸಿದ ಲ್ಯಾಬಿಗೇ ನುಗ್ಗಿದ. ಗಾಜಿನ ಕಿಟಕಿಯ ಹಿಂದೆ ಕನ್ನಡಕದ ಹೆಂಗಸೊಬ್ಬಳು ಕೂತಿದ್ದಳು.

"ಪರೀಕ್ಷೆ ಮಾಡಿದೀರೋ, ಕಾಪಿ ಹೊಡೆದಿದೀರೋ? ಮೂರು ಜನಕ್ಕೂ ಹೆಚ್ಚುಕಮ್ಮಿ ಒಂದೇ ಅಂಕಿ!"

ಅವಳಿಗೆ ಕೋಪ ಬರಲಿಲ್ಲ. ಕಂಪ್ಯೂಟರಿನಲ್ಲಿ ಏನೇನೋ ತೆಗೆದು ಬಹಳ ಹೊತ್ತು ನೋಡಿದಳು. ಒಳಗೆ ಹೋಗಿ ಇನ್ನೊಬ್ಬರನ್ನು ಕೇಳಿ ಬಂದಳು.

"ಕಾಪಿ ಹೊಡೆದಿದ್ರೆ ಪೂರ್ತಿ ಒಂದೇ ಇರ್ತಿತ್ತು ಅಣ್ಣ. ಇಲ್ಲಿ ಚೂರು ಆಚೀಚೆ ಇದೆ. ನಾವು ನೋಡೋದು ಒಂದು ಗುರುತಲ್ಲ, ಹಲವು. ಅವೆಲ್ಲ ಮೂವರಲ್ಲೂ ಒಂದೇ ಥರ ಏರಿಳಿದಿವೆ. ಒಬ್ಬನದೇ ರಕ್ತಾನ ಮತ್ತೆ ಮತ್ತೆ ನೋಡಿದ್ರೆ ಹೀಗೆ ಬರುತ್ತೆ." ಅವಳು ಕನ್ನಡಕ ತೆಗೆದಳು. "ಇದು ಯಾರ ರಕ್ತ? ಯಾರದ್ದಾದ್ರೂ ಸರಿ, ಅವರನ್ನ ಬೇಗ ಆಸ್ಪತ್ರೆಗೆ ಕಳಿಸಿ."

ಮೇಸ್ತ್ರಿಯ ಬಾಯಲ್ಲಿ ಇನ್ನೂ ಒಂದು ಬೈಗುಳ ತಯಾರಿತ್ತು. ಅದು ಅಲ್ಲೇ ಒಣಗಿತು. ಮೆಟ್ಟಿಲು ಇಳಿಯುವಾಗ ಸಪ್ಪೆಯ ಪ್ಯಾಂಟು ಈಚೆಗೆ ಸೊಂಟದಲ್ಲಿ ನಿಲ್ಲದೆ ಜಾರುತ್ತಿದ್ದದ್ದು, ಅದಕ್ಕೆ ತಾನೇ ಎಲ್ಲರೆದುರು ಗೇಲಿ ಮಾಡಿದ್ದು ನೆನಪಾಯಿತು.

ಮನೆಗೆ ಬಂದರೆ ಸಪ್ಪೆ ಹೊರಕೋಣೆಯಲ್ಲಿ ಕಾಲು ಚಾಚಿ ಗೋಡೆ ನೋಡುತ್ತ ಕೂತಿದ್ದ.

"ಏಳೋ. ಆಸ್ಪತ್ರೆಗೆ ಹೋಗೋಣ."

"ನೀವೇ ಬೇಡ ಅಂದ್ರಲ್ಲ ಭಾವ."

"ಅಂದೆ. ಈಗ ನಾನೇ ಅಂತಿದೀನಿ, ಏಳು. ಮೂರೂ ನಿನ್ನ ರಕ್ತ ಕಣೋ ಬೆಪ್ಪಾ!"

ಸಪ್ಪೆ ತಲೆ ಎತ್ತಲಿಲ್ಲ. "ಗೊತ್ತು. ಫಲಿತಾಂಶ ಬಂದ ದಿನಾನೇ ಗೊತ್ತಾಯ್ತು. ಮೂರು ಮೇಜಿಗೂ ಹೋದವನು ನಾನಲ್ವಾ? ಬೆಳಿಗ್ಗೆ ಹೋದಾಗ ಒಂದೊಂದು ಸಲ ರಕ್ತ ಕಾಣುತ್ತೆ, ಮೂಲವ್ಯಾಧಿ ಅಂದ್ಕೊಂಡಿದ್ದೆ. ಆಮೇಲೆ ನೀವು ಬೆಂಚು ಹತ್ತಿ ಎಲ್ಲ ಮೋಸ ಅಂದ್ರಿ. ಕೇಳೋಕೆ ಎಷ್ಟು ಹಿತವಾಗಿತ್ತು ಭಾವ! ನೀವು ಹೇಳಿದ ಮೇಲೆ ಮೋಸಾನೇ ಇರ್ಬೇಕು ಅಂತ ಮಲಗಿದೆ. ನಿದ್ದೇನೂ ಬಂತು."

ಬಾಗಿಲಲ್ಲಿ ಯಾವಾಗ ಬಂದು ನಿಂತಿದ್ದಳೋ, ಮೇಸ್ತ್ರಿಯ ಹೆಂಡತಿ ಎಲ್ಲ ಕೇಳಿಸಿಕೊಂಡಿದ್ದಳು. ಗಂಡನ ಕಡೆ ತಿರುಗಿದಳು.

"ಹೆದರಿಸಿದ್ದು ನೀವು, ಹೆದರಿಕೆ ಬಿಡಿಸೋದೂ ನೀವೇ. ಅಲ್ಲೀವರೆಗೂ ನನ್ನ ಹತ್ರ ಊಟಕ್ಕೆ ಅಂತ ಬರ್ಬೇಡಿ."

ಮೇಸ್ತ್ರಿ ಬೈದ, ಗೋಗರೆದ, ಕೊನೆಗೆ ಕೈ ಹಿಡಿದೂ ಎಳೆದ. ಹುಟ್ಟಿದಾಗಿನಿಂದ ಇಲ್ಲ ಎನ್ನದ ಸಪ್ಪೆ ಈಗ ಕಲ್ಲಾಗಿದ್ದ. "ಇದೂ ಕಂಪನಿಯವರ ಆಟ ಯಾಕಾಗಿರ್ಬಾರ್ದು? ನಿಮ್ಮ ತಲೆ ಕೆಡಿಸಿ ಕಳಿಸಿರ್ಬಹುದು," ಎಂದ. ಮೇಸ್ತ್ರಿಯ ಮಾತು ಮೇಸ್ತ್ರಿಗೇ ಬಂದು ಬಡಿಯಿತು. "ಶೆಡ್ಡಿಗೆಲ್ಲ ಕೇಳೋ ಹಾಗೆ ಮೋಸ ಅಂದವರು ನೀವು. ನಿಜ ಆಗಿದ್ರೆ ಅದೇ ಬೆಂಚು ಹತ್ತಿ ಹೇಳಿ, ನೋಡೋಣ."

ಹೇಳಿದರೆ ಕೆಲಸ ಹೋಗಬಹುದು. ಬೇರೆಯವನ ರಕ್ತ ಕೊಡಿಸಿದವನನ್ನು ಯಾವ ಕಂಪನಿ ಮುದ್ದು ಮಾಡುತ್ತದೆ? ಮಾರನೆಯ ದಿನ ಊಟದ ಕೋಣೆಯಲ್ಲಿ ಮೇಸ್ತ್ರಿ ಅನ್ನದ ಡಬ್ಬಿ ಬಿಚ್ಚಲಿಲ್ಲ. ಬಿಚ್ಚಲು ಡಬ್ಬಿಯೂ ಇರಲಿಲ್ಲ. ಎದ್ದು ಬೆಂಚು ಹತ್ತಿದ. ಮ್ಯಾನೇಜರ್ ಆಚೆ ಮೇಜಿನಲ್ಲಿ ಉಣ್ಣುತ್ತಿದ್ದ.

"ಇವತ್ತು ಯಾರ ಮೇಲೆ ಮೇಸ್ತ್ರಿ?" ಎಂದು ಯಾರೋ ಕೂಗಿದರು.

"ನನ್ನ ಮೇಲೇ ಕಣ್ರೋ." ಗಂಟಲು ಕೆರೆದುಕೊಂಡ. "ಪರೀಕ್ಷೆ ಮೋಸ ಅಲ್ಲ. ಮೋಸ ಮಾಡಿದ್ದು ನಾನು. ನನ್ನ ಹೆಸರಲ್ಲಿ ಹೋಗಿದ್ದು ನನ್ನ ರಕ್ತ ಅಲ್ಲ, ನನ್ನ ಭಾಮೈದನದು. ಕುಡಿಯೋದು ಸಿಕ್ಕಿಬೀಳುತ್ತೆ ಅಂತ ಹೆದರಿ ಹಾಗೆ ಮಾಡಿದೆ."

"ನಂದೂ," ಎಂದು ವೆಲ್ಡರ್ ಕೂತಲ್ಲಿಂದಲೇ ಕೈ ಎತ್ತಿದ. "ಬೆಂಚು ಹತ್ತೋಕೆ ನನ್ನ ಮಂಡಿ ಬಿಡಲ್ಲ."

ಯಾರೋ ಕಿಸಕ್ಕೆಂದರು. ಮ್ಯಾನೇಜರ್ ಕೈ ತೊಳೆಯದೆ ಎದ್ದು ಬಂದ. "ಕುಡಿಯೋದು ನೋಡೋ ಪರೀಕ್ಷೇನೇ ಅಲ್ಲ ಅದು, ಮಾರಾಯ! ನೀನು ಕುಡಿಯೋದು ತಿಳಿಯೋಕೆ ನನಗೆ ಮೂಗು ಸಾಲ್ದಾ?" ಎಂದು ಕಿರುಚಿದ. ವಿಚಾರಣೆ ಮುಗಿಯುವವರೆಗೆ ಇಬ್ಬರೂ ಶೆಡ್ಡಿಗೆ ಕಾಲಿಡಕೂಡದು ಎಂದ. ಮೇಸ್ತ್ರಿಯ ಕಿವಿಗೆ ಅದು ಅರ್ಧವೇ ಬಿತ್ತು. ಅವನ ಕಣ್ಣೆಲ್ಲ ಸಪ್ಪೆಯ ಮೇಲಿತ್ತು.

ಸಪ್ಪೆ ಡಬ್ಬಿಯ ಮುಚ್ಚಳ ಹಾಕಿ ನಿಧಾನವಾಗಿ ಎದ್ದ. "ಸಾಕು ಇಳೀರಿ ಭಾವ, ಬಿದ್ದೀರಿ. ಹೋಗೋಣ."

ಆಸ್ಪತ್ರೆಯವರು ಕೊಟ್ಟ ಔಷಧಿ ಕುಡಿದು ಹೊಟ್ಟೆಯನ್ನೆಲ್ಲ ಖಾಲಿ ಮಾಡಿಕೊಂಡ ಸಪ್ಪೆ, ಕ್ಯಾಮೆರಾ ಬಿಡುವ ದಿನ ಬಸ್ಸು ಹತ್ತುವಾಗ ಹಿಂಡಿದ ಬಟ್ಟೆಯಂತಿದ್ದ. ಮೇಸ್ತ್ರಿ ಅವನನ್ನು ಕಿಟಕಿಯ ಪಕ್ಕ ಕೂರಿಸಿ, ತಾನು ಓಡಾಡುವ ದಾರಿಯ ಕಡೆ ಕೂತು, ಎದುರಿನ ಸೀಟಿಗೆ ಮೊಣಕಾಲು ಒತ್ತಿ ಹಿಡಿದ. ಪ್ರತಿ ನಿಲ್ದಾಣದಲ್ಲೂ ಸಪ್ಪೆ ಬಾಗಿಲ ಕಡೆ ನೋಡುತ್ತಿದ್ದ.

"ಸ್ವಲ್ಪ ಕಾಲು ತೆಗೀರಿ ಭಾವ. ಗಾಳಿ ಬೇಕು, ಇಳಿದು ಹತ್ತಿಬಿಡ್ತೀನಿ."

"ಕಿಟಕಿ ತೆಗಿ."

"ಓಡಿಹೋಗ್ತೀನಿ ಅಂತ ಅನುಮಾನಾನಾ? ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ ನಿಮಗೆ?"

"ಒಂದು ಚೂರೂ ಇಲ್ಲ," ಎಂದ ಮೇಸ್ತ್ರಿ, ಮೊಣಕಾಲನ್ನು ಇನ್ನಷ್ಟು ಬಿಗಿಯಾಗಿ ಒತ್ತುತ್ತ. "ಸುಮ್ನೆ ಕೂತ್ಕೋ."