ಉಬ್ಬಿದ ಮುಚ್ಚಳ

ಕಪಾಟಿನಲ್ಲಿದ್ದ ಅಂಜಲ್ ಮೀನಿನ ಉಪ್ಪಿನಕಾಯಿ ಬಾಟಲಿಯ ಮುಚ್ಚಳ ಉಬ್ಬಿತ್ತು. ಹಫ್ಸಾ ಹೆಬ್ಬೆರಳಿನಿಂದ ಒತ್ತಿದಳು. ಟಕ್ ಎಂದು ಒಳಗೆ ಹೋಗಿ ಮತ್ತೆ ಮೇಲೆದ್ದಿತು. ಪಕ್ಕದ್ದೂ ಹಾಗೆಯೇ.

ಜೆಪ್ಪುವಿನ ತನ್ನ ಮನೆಯ ಹಿಂಬದಿಯಲ್ಲಿ ಈ ಉಪ್ಪಿನಕಾಯಿ ಘಟಕ ಕಟ್ಟಿದವಳು ಅವಳು. ಇಂಥದ್ದನ್ನು ಹಿಂದೆ ಕಂಡಿರಲಿಲ್ಲ. ತರಬೇತಿಯಲ್ಲಿ ಕೇಳಿದ್ದು ನೆನಪಾಯಿತು: ಹುಳಿ ಸಾಲದಿದ್ದರೆ ಮುಚ್ಚಿಟ್ಟ ಮೀನಿನಲ್ಲಿ ವಿಷ ಹುಟ್ಟಬಹುದು. ಅದಕ್ಕೆ ರುಚಿಯಿಲ್ಲ, ವಾಸನೆಯಿಲ್ಲ. ಉಸಿರನ್ನೇ ನಿಲ್ಲಿಸಬಲ್ಲದು.

"ದೇಯಿಯಕ್ಕ, ಇದಕ್ಕೆ ವಿನೆಗರ್ ಎಷ್ಟು ಹಾಕಿದ್ರಿ?"

ಮೊದಲಿನಿಂದಲೂ ಒಲೆ ನೋಡಿಕೊಳ್ಳುವ ದೇಯಿ ಸೆರಗಿಗೆ ಕೈ ಒರೆಸಿಕೊಂಡಳು.

"ಹಾಕ್ಲಿಲ್ಲ ಅಕ್ಕ. ಹೊಸ ಕ್ಯಾನ್ ತೆಗ್ದಾಗ ಕಳ್ಳಿನ ವಾಸನೆ ಬಂತು. ನಮ್ಮ ಮಾವ ಕಳ್ಳು ತೆಗೀತಿದ್ದವರು, ನನಗೆ ಗೊತ್ತಾಗುದಿಲ್ವಾ? ನಿಮಗೆ ಅದು ಆಗುದಿಲ್ಲ ಅಲ್ವಾ, ಅಂಗಡಿಯವ ಮೋಸ ಮಾಡಿದ ಅಂದ್ಕೊಂಡೆ. ಚೆಲ್ಲಿ, ಹುಣಸೆಹುಳಿ ಹಾಕಿದೆ. ನಿಮಗೆ ಬೇಜಾರಾದೀತು ಅಂತ ಹೇಳ್ಲಿಲ್ಲ."

ಕಳ್ಳು ಹುಳಿತು ವಿನೆಗರ್ ಆದ ಮೇಲೆ ನಿಷಿದ್ಧವಲ್ಲ ಎಂದು ಮಸೀದಿಯ ಉಸ್ತಾದರಲ್ಲಿ ಕೇಳಿಯೇ ಹಫ್ಸಾ ಅದನ್ನು ತರಿಸಿದ್ದಳು. ದೇಯಿಗೆ ಅದನ್ನು ಹೇಳಿರಲಿಲ್ಲ, ಮೀನು ಕೆಡದಿರಲು ಹುಣಸೆಹುಳಿ ಸಾಲದು ಎಂಬುದನ್ನೂ.

ಅವಳು ಗದರಲಿಲ್ಲ. ಗ್ರಾಹಕರ ವಾಟ್ಸಾಪ್ ಗುಂಪಿನಲ್ಲಿ ಬರೆದಳು: ಈ ವಾರದ ಅಂಜಲ್ ಉಪ್ಪಿನಕಾಯಿ ತಿನ್ನಬೇಡಿ. ತಿಂದಿದ್ದರೆ ಆಸ್ಪತ್ರೆಗೆ ಹೋಗಿ. ತಪ್ಪು ನಮ್ಮದು.

ಅವಳ ಉಪ್ಪಿನಕಾಯಿ ಮಾರುವ ಬಲ್ಮಠದ ಅಂಗಡಿಯಿಂದ ಕಮರುದ್ದೀನ್ ಕೂಡಲೇ ಕರೆ ಮಾಡಿದ. "ಎಂತ ಮಾರಾಯ್ತಿ, ನಿನ್ನ ಹೆಸರಿಗೆ ನೀನೇ ಬೆಂಕಿ ಹಾಕುದಾ? ಸುಮ್ಮನೆ ಬದಲಿಸಿ ಕೊಡುವ. ಯಾರಿಗೂ ಗೊತ್ತಾಗುದಿಲ್ಲ."

"ತಿಂದವರಿಗೆ ಗೊತ್ತಾಗ್ತದೆ, ಕಮರುದ್ದೀನ್ ಕಾಕ. ನಿಮ್ಮಲ್ಲಿ ಉಂಟಲ್ಲ, ಅದನ್ನು ತೆಗ್ದಿಡಿ."

ಮಾರಿದ ಬಾಟಲಿಗಳೆಲ್ಲ ಮಧ್ಯಾಹ್ನದೊಳಗೆ ವಾಪಸ್ ಸಿಕ್ಕವು. ಯಾರೂ ಮುಚ್ಚಳ ತೆರೆದಿರಲಿಲ್ಲ. ಹಫ್ಸಾ ಉಸಿರು ಬಿಡುವಷ್ಟರಲ್ಲಿ ದೇಯಿ ಫೋನ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ನಮ್ಮ ದೀಕ್ಷಿತಾಳಿಗೆ ಹಾಸ್ಟೆಲಿಗೆ ಒಂದು ಕಳಿಸಿದ್ದೆ ಅಕ್ಕ. ಫೋನ್ ತೆಗೀತಾ ಇಲ್ಲ."

ಹಾಸ್ಟೆಲ್ ಇದ್ದ ಸುರತ್ಕಲ್‌ವರೆಗೆ ಹೆದ್ದಾರಿಯಲ್ಲಿ ಟ್ಯಾಂಕರ್‌ಗಳ ಸಾಲು. ದೇಯಿ ಮಗಳ ನಂಬರ್ ಒತ್ತುತ್ತಲೇ ಇದ್ದಳು. ಹಫ್ಸಾ ಒಂದೊಂದೇ ಟ್ಯಾಂಕರನ್ನು ಹಿಂದೆ ಹಾಕುತ್ತ ಕಾರು ಓಡಿಸಿದಳು.

ಹಾಸ್ಟೆಲಿನ ಮೆಟ್ಟಿಲಿಳಿದು ಬಂದ ದೀಕ್ಷಿತಾ ನಕ್ಕಳು. "ಲ್ಯಾಬ್‌ನಲ್ಲಿದ್ದೆ ಅಮ್ಮ. ಉಪ್ಪಿನಕಾಯಿಯಾ? ನಿನ್ನೆ ಗಂಜಿಗೆ ಹಾಕ್ಕೊಂಡೆ. ತೆಗೀವಾಗ ಸೋಡಾದ ಹಾಗೆ ಬುಸ್ ಅಂತು. ಬೇರೆ ಯಾರಿಗೂ ಕೊಡ್ಲಿಲ್ಲ, ಅಷ್ಟು ರುಚಿ!"

ದೇಯಿ ಮಗಳ ಕೈ ಹಿಡಿದಳು; ಹಫ್ಸಾ ಆ ಬಾಟಲಿ ತರಿಸಿ ಇಬ್ಬರನ್ನೂ ಕಾರಿಗೆ ಹತ್ತಿಸಿದಳು.

ಆಸ್ಪತ್ರೆಯಲ್ಲಿ ವೈದ್ಯರು ಬಾಟಲಿಯನ್ನು ಪರೀಕ್ಷೆಗೆ ಕಳಿಸಿ, ಹುಡುಗಿಯನ್ನು ಉಳಿಸಿಕೊಂಡರು. ಲಕ್ಷಣ ಕಾಣಿಸಲು ದಿನಗಳೇ ಹಿಡಿಯಬಹುದು ಎಂದರು. ನುಂಗಲು ಕಷ್ಟವಾದರೆ, ಒಂದು ವಸ್ತು ಎರಡಾಗಿ ಕಂಡರೆ ತಕ್ಷಣ ಕರೆಯಬೇಕು.

"ನಾನಿನ್ನು ಒಲೆ ಮುಟ್ಟುದಿಲ್ಲ ಅಕ್ಕ," ಎಂದಳು ದೇಯಿ.

"ಮುಟ್ಟಬೇಕು. ಯಾವುದು ಯಾಕೆ ಹಾಕುದು ಅಂತ ನಾನು ಹೇಳ್ಬೇಕಿತ್ತು. ಇನ್ನು ಹೇಳ್ತೇನೆ. ನಿಮಗೆ ಸಂಶಯ ಬಂದ್ರೆ ಚೆಲ್ಲುವ ಮೊದಲು ನನ್ನನ್ನು ಕೇಳಿ." ಹಫ್ಸಾಳ ದನಿ ಸ್ಥಿರವಾಗಿತ್ತು.

ಅವಳು ಮಂಚದ ಹತ್ತಿರ ಹೋದಳು. "ದೀಕ್ಷಿತಾ, ಆ ಗಡಿಯಾರ ನೋಡು. ಎಷ್ಟು ಕಾಣ್ತದೆ?"

"ಒಂದೇ ಅಕ್ಕ. ಈಗಷ್ಟೇ ಕೇಳಿದ್ರಿ."

"ಗೊತ್ತುಂಟು. ಇನ್ನೊಮ್ಮೆ ನೋಡು."