ತೊಟ್ಟಿಯ ಮೇಲೆ ಹೊಲಿದ ಗುಂಡಿ

ಒಂದು ಊರಿತ್ತಂತೆ. ಊರಿಗೊಂದು ತೋಟ, ತೋಟಕ್ಕೆ ಎರಡು ಬಾಗಿಲು. ಒಂದು ರಾಜನ ಬಾಗಿಲು, ಇನ್ನೊಂದು ಮಂದಿಯ ಬಾಗಿಲು. ರಾಜ ತನ್ನ ಬಾಗಿಲಲ್ಲಿ ನಿಂತು ನೋಡಿದರೆ ಮರ ದೂರದಲ್ಲಿ, ಬಲಗಡೆ. ಮಂದಿ ತಮ್ಮ ಬಾಗಿಲಲ್ಲಿ ನಿಂತರೆ ಅದೇ ಮರ ಹತ್ತಿರದಲ್ಲಿ, ಎಡಗಡೆ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲವಂತೆ. ಆದರೂ ಒಂದು ದಿನ ಮರ ಕಳೆದುಹೋಯಿತಂತೆ.

ಇದು ಅಜ್ಜಿ ಹೇಳಿದ ಕಥೆಯಲ್ಲ. ಅಜ್ಜಿಯ ಕಥೆಗಳಲ್ಲಿ ಕಳೆದದ್ದೆಲ್ಲ ಕೊನೆಗೆ ಮೀನಿನ ಹೊಟ್ಟೆಯಲ್ಲಾದರೂ ಸಿಗುತ್ತದೆ. ಇದನ್ನು ಕಟ್ಟಿದವಳು ನಾನು. ರಾಜ ಇರಲಿಲ್ಲ. ನಗರಸಭೆ ಇತ್ತು, ಒಂದು ಕಂಪನಿ ಇತ್ತು, ಆ ಕಂಪನಿಯಲ್ಲಿ ನಕ್ಷೆ ಬರೆಯುವ ನಾನಿದ್ದೆ.

ನಮ್ಮ ಬೀದಿಗೆ ಅಂಟಿಕೊಂಡ ಪಾರ್ಕು ಹಾಳುಬಿದ್ದು ವರ್ಷಗಳಾಗಿದ್ದವು. ಜಾಗ ನಗರಸಭೆಯದು, ದುರಸ್ತಿ ಕಂಪನಿಯದು, ಅದಕ್ಕೆ ಬದಲಾಗಿ ಪಾರ್ಕಿನೊಳಗೆ ಕಂಪನಿಗೊಂದು ತಿಂಡಿ ಅಂಗಡಿ ಎಂದು ಒಪ್ಪಂದವಾಯಿತು. ಏನು ಉಳಿಯಬೇಕು ಎಂಬುದನ್ನು ಮಾತ್ರ ಜನರನ್ನೇ ಕೇಳಬೇಕೆಂದು ಷರತ್ತಿತ್ತು. ಅಂಗಡಿಯನ್ನು ಜನ ಗುರುತು ಹಾಕದ ಜಾಗದಲ್ಲಿ ಕಟ್ಟಬೇಕು. ಕೇಳಿದವರು ತಲೆದೂಗುವಂಥ ಷರತ್ತು. ನಾನೂ ತಲೆದೂಗಿದ್ದೆ.

ಉಳಿಯಲೇಬೇಕಾದದ್ದು ನಮ್ಮ ಪಾಲಿಗೆ ಒಂದೇ. ಕೊಡೆಮರ. ಅದರ ನಿಜವಾದ ಹೆಸರು ಯಾರಿಗೂ ಗೊತ್ತಿರಲಿಲ್ಲ. ನಮ್ಮ ಬೀದಿಯ ಕಡೆಗಿದ್ದ ಹಿಂದಿನ ಬಾಗಿಲಿಂದ ಒಳಗೆ ಹೊಕ್ಕು ಹನ್ನೊಂದು ಹೆಜ್ಜೆ ಹಾಕಿದರೆ ಎಡಗಡೆ ಸಿಗುತ್ತಿತ್ತು. ಅದರ ಬುಡದಲ್ಲೊಂದು ಕಲ್ಲುಬೆಂಚು, ಬೆಂಚಿನ ಮೇಲೆ ಅಜ್ಜಿ. ಅಜ್ಜಿ ಐವತ್ತು ವರ್ಷ ದರ್ಜಿ ಕೆಲಸ ಮಾಡಿದವಳು. ಮೆಷಿನ್ ಮಾರಿದ ಮೇಲೂ ಬೀದಿಯವರ ಗುಂಡಿ, ಕಾಜಾ, ಅಂಚು ಅವಳ ಕೈಯಲ್ಲೇ ಆಗಬೇಕು. ಆದರೆ ಕಣ್ಣು ಸೊರಗುತ್ತಿತ್ತು. ಮನೆಯ ದೀಪ ಸಾಲದು, ಬಯಲಿನ ಬಿಸಿಲು ಚುಚ್ಚುತ್ತದೆ. ಕೊಡೆಮರದ ಎಲೆಗಳಲ್ಲಿ ಸೋಸಿ ಬಿದ್ದ ಬೆಳಕಿನಲ್ಲಿ ಮಾತ್ರ ಅವಳಿಗೆ ಸೂಜಿಯ ಕಣ್ಣು ಕಾಣುತ್ತಿತ್ತು. ಹೊಲಿಯುತ್ತಾ ಕಥೆ ಹೇಳುತ್ತಿದ್ದಳು. ನಾನು ಬೆಳೆದದ್ದು ಆ ಬೆಂಚಿನ ಮೇಲೆ, ಅವಳ ದಾರದುಂಡೆಯ ಪಕ್ಕ.

ಜನರನ್ನು ಕೇಳುವ ಸಭೆಗಾಗಿ ಪಾರ್ಕಿನ ನಕ್ಷೆಯ ಹಾಳೆ ಬರೆದವಳು ನಾನೇ. ಕಚೇರಿಯ ನಿಯಮದಂತೆ ಮುಖ್ಯ ಬಾಗಿಲು ಹಾಳೆಯ ಕೆಳಗೆ ಬಂತು. ಯಾವುದರ ಹೆಸರನ್ನೂ ಬರೆಯಬೇಡಿ ಎಂದರು ಎಂಜಿನಿಯರ್ ಸಾಹೇಬರು. "ಇದ್ದದ್ದನ್ನ ಬರೆದ್ರೆ ಜನ ಇದ್ದದ್ದನ್ನೇ ಕೇಳ್ತಾರೆ. ಅವರು ಮನಸ್ಸಿಂದ ಹೇಳ್ಲಿ." ಹಾಗಾಗಿ ಮರಕ್ಕೊಂದು ದುಂಡನೆಯ ಗೆರೆ, ಪಾರ್ಕಿನ ಇನ್ನೊಂದು ತುದಿಯಲ್ಲಿ, ಮುಖ್ಯ ಬಾಗಿಲ ಎಡಕ್ಕಿದ್ದ ಒಡೆದ ನೀರಿನ ತೊಟ್ಟಿಗೂ ಒಂದು ದುಂಡನೆಯ ಗೆರೆ.

ಶಾಲೆಯ ಸಭಾಂಗಣದಲ್ಲಿ ಜನ ಸಾಲುಗಟ್ಟಿದರು. ತಮಗೆ ಬೇಕಾದ ಜಾಗದ ಮೇಲೆ ಪ್ರತಿಯೊಬ್ಬರೂ ಒಂದು ಹಸಿರು ಚುಕ್ಕೆ ಅಂಟಿಸಿ, ಕೆಳಗೆ ಸಹಿ ಹಾಕಬೇಕು. ಅಜ್ಜಿಯ ಸರದಿ ಬರುವಷ್ಟರಲ್ಲಿ ಚುಕ್ಕೆಗಳು ಮುಗಿದಿದ್ದವು.

"ಅಜ್ಜಿ, ಚುಕ್ಕೆ ಖಾಲಿ," ಎಂದ ಮುಂದೆ ನಿಂತಿದ್ದ ನಮ್ಮ ಬೀದಿಯ ಇಸ್ತ್ರಿ ಅಣ್ಣ. "ಇನ್ನು ನಿಮ್ಮ ಮರಾನ ದೇವರೇ ಕಾಯ್ಬೇಕು."

"ದೇವರಿಗೆ ಬೇರೆ ಕೆಲಸ ಇಲ್ವೇನೋ? ನಿನ್ನ ಅಂಗಿಗೆ ಅಂತ ಇಟ್ಟಿದ್ದ ಗುಂಡಿ ಇದೆ, ಅದನ್ನೇ ಹಾಕ್ತೀನಿ. ನೀನು ಎದೆ ಬಿಟ್ಕೊಂಡು ಓಡಾಡು."

ಜನ ನಕ್ಕರು. ಅಜ್ಜಿ ಚೀಲದಿಂದ ನೀಲಿ ಗುಂಡಿ ತೆಗೆದಳು, ಬೆಳಿಗ್ಗೆಯೇ ಮರದ ಕೆಳಗೆ ದಾರ ಪೋಣಿಸಿಟ್ಟಿದ್ದ ಸೂಜಿ ತೆಗೆದಳು. ಹಾಳೆಗೆ ಮುಖ ತಾಗುವಷ್ಟು ಬಗ್ಗಿದಳು.

"ಬಾಗಿಲು ಎಲ್ಲಿ, ಪುಟ್ಟಿ?"

"ಇಲ್ಲಿ ಅಜ್ಜಿ, ಕೆಳಗಡೆ," ಎಂದು ತೋರಿಸಿದೆ.

ಅವಳ ಬೆರಳು ಅಲ್ಲಿಂದ ಮೇಲೆ ಹತ್ತಿ ಎಡಕ್ಕೆ ಹೊರಳಿತು. ಚುಕ್ಕೆಗಳೆಲ್ಲ ಗುಂಪುಗೂಡಿದ್ದ ದುಂಡನೆಯ ಗೆರೆಯೊಳಗೆ ಗುಂಡಿಯಿಟ್ಟು ಹೊಲಿಯತೊಡಗಿದಳು. ಕಾಗದದ ಮೇಲೆ ದಾರ ಏರಿಳಿಯುವುದನ್ನು ನೋಡುತ್ತಾ ನಾನು ಯಾವುದೋ ಕಥೆಯೊಳಗೆ ಇಳಿದುಹೋಗಿದ್ದೆ. ನನ್ನ ಕಣ್ಣು ಸೂಜಿಯ ಮೇಲಿತ್ತು, ಹಾಳೆಯ ಮೇಲಿರಲಿಲ್ಲ.

ಮರುದಿನ ಕಚೇರಿಯಲ್ಲಿ ಸಾಹೇಬರು ನಗುತ್ತಾ ಕರೆದರು. "ಏನಮ್ಮಾ, ನಿಮ್ಮ ಬೀದಿಯವರಿಗೆ ಆ ಒಡೆದ ತೊಟ್ಟಿ ಮೇಲೆ ಇಷ್ಟು ಪ್ರೀತಿನಾ? ಅರವತ್ತೆರಡು ಚುಕ್ಕೆ. ಸಾಲದು ಅಂತ ಗುಂಡಿ ಬೇರೆ."

ಹಾಳೆ ನೋಡಿದೆ. ನಮ್ಮ ಬೀದಿಯಲ್ಲಿ ಮುಖ್ಯ ಬಾಗಿಲಿನಿಂದ ಪಾರ್ಕಿಗೆ ಹೋಗುವವರು ಒಬ್ಬರೂ ಇಲ್ಲ. ಬಾಗಿಲೆಂದರೆ ನಮಗೆಲ್ಲ ಹಿಂದಿನದೇ. ಹಾಳೆಯ ಕೆಳಗಿನ ಬಾಗಿಲನ್ನು ತಮ್ಮದೆಂದುಕೊಂಡು, ಒಳಹೊಕ್ಕು, ಎಡಕ್ಕೆ ತಿರುಗಿ, ಎಲ್ಲರೂ ಮರವನ್ನು ಕಾಪಾಡಿದ್ದರು. ನಿಜವಾದ ಮರದ ಮೇಲೆ ಒಂದು ಚುಕ್ಕೆಯೂ ಇರಲಿಲ್ಲ.

"ಸರ್, ಹಾಳೆ ತಿರುಗಿಸಿ ನೋಡಿ," ಎಂದು ನಾನೇ ತಿರುಗಿಸಿದೆ.

ಅವರು ಬಹಳ ಹೊತ್ತು ನೋಡಿದರು. ಕೆಟ್ಟವರಲ್ಲ. "ತಿರುಗಿಸಿದ್ರೆ ನೀವು ಹೇಳೋದು ಸರಿ ಅನ್ಸುತ್ತೆ. ಆದ್ರೆ ತಿರುಗಿಸೋ ಅಧಿಕಾರ ನನಗಿಲ್ಲಮ್ಮ. ಕೆಳಗೆ ಎಲ್ಲರ ಸಹಿ ಇದೆ. ಇದು ಈಗ ಒಪ್ಪಂದದ ಭಾಗ."

ನಾನು ಮನೆಮನೆಗೆ ಹೋಗಿ ವಿಷಯ ಹೇಳಿದೆ. ಇಸ್ತ್ರಿ ಅಣ್ಣ ತಲೆಯ ಮೇಲೆ ಕೈಹೊತ್ತು ಕುಳಿತ. ಎಲ್ಲರೂ ಸೇರಿ ನಗರಸಭೆಗೆ ಅರ್ಜಿ ಕೊಟ್ಟೆವು. ನಗರಸಭೆ ಕಂಪನಿಯನ್ನು ಕೇಳಿತು, ಕಂಪನಿ ನಗರಸಭೆಯ ಕಡೆ ಕೈ ತೋರಿಸಿತು. ಕೊನೆಗೆ ಒಂದು ಸಾಲಿನ ಉತ್ತರ ಬಂತು: ನಿಮ್ಮ ಅಭಿಪ್ರಾಯವನ್ನು ಈಗಾಗಲೇ ಪಡೆಯಲಾಗಿದೆ.

ಅಜ್ಜಿಗೆ ಅದನ್ನು ಓದಿ ಹೇಳಿದೆ. ನಾನು ತೋರಿಸಿದ ಬಾಗಿಲು ಯಾವುದೆಂದೂ ಹೇಳಿದೆ. ಬೈಯಲಿ ಎಂದು ಕಾದೆ.

"ಇಷ್ಟು ದೊಡ್ಡ ಹುಡುಗಿಗೆ ಹಿಂದು ಮುಂದು ಗೊತ್ತಾಗ್ಲಿಲ್ಲ," ಎಂದಳು. ಆಮೇಲೆ ಮೆತ್ತಗೆ, "ಹೊಲಿಗೆ ತಪ್ಪಿದ್ರೆ ಬಿಚ್ಚಿ ಹೊಲಿಯೋದಪ್ಪ, ಅದಕ್ಯಾಕೆ ಅಳ್ತೀಯ? ಆ ಹಾಳೆ ತಗೊಂಡ್ ಬಾ. ನನ್ನ ಗುಂಡಿ ಅದರ ಜಾಗಕ್ಕೆ ಹೋಗ್ಬೇಕು."

"ತರ್ತೀನಿ ಅಜ್ಜಿ."

"ಮಾತು ಕೊಡು."

ಕೊಟ್ಟೆ. ಆದರೆ ಹಾಳೆ ಒಪ್ಪಂದದ ಕಡತದೊಳಗೆ ಸೇರಿ ಬೀರುವಿನಲ್ಲಿ ಬೀಗದಡಿ ಕೂತಿತ್ತು. ಕೆಲಸ ಮುಗಿಯುವ ತನಕ ಮುಟ್ಟುವಂತಿಲ್ಲ ಎಂದರು. ಕೇಳಿದಾಗಲೆಲ್ಲ ಅದೇ ಮಾತು.

ಮರ ಕಡಿಯಲು ಎರಡು ದಿನ ಹಿಡಿಯಿತು. ಗರಗಸದ ಸದ್ದು ಅಡುಗೆಮನೆಯ ತನಕ ಬರುತ್ತಿತ್ತು. ಅಜ್ಜಿ ರೇಡಿಯೋದ ಕಿವಿ ತಿರುಗಿಸಿ ಜೋರು ಮಾಡಿದಳು, ಎರಡು ದಿನವೂ. ಮೂರನೆಯ ದಿನ ಇಸ್ತ್ರಿ ಅಣ್ಣ ತಂದ ಅಂಗಿಗಳನ್ನು ಹಾಗೆಯೇ ಹಿಂದಕ್ಕೆ ಕಳಿಸಿದಳು. "ಕಾಣಲ್ಲ ಕಣಪ್ಪ. ಬೇರೆ ಯಾರನ್ನಾದ್ರೂ ನೋಡ್ಕೋ."

ದಾರ ನಾನು ಪೋಣಿಸಿಕೊಡುತ್ತೇನೆಂದರೆ ಒಪ್ಪಲಿಲ್ಲ. ಕಥೆಗಳೂ ನಿಂತವು. ಕೈ ಸುಮ್ಮನಿದ್ದರೆ ಬಾಯಿಗೆ ಕಥೆ ಬರುವುದಿಲ್ಲವಂತೆ.

ಒಂದೂವರೆ ವರ್ಷಕ್ಕೆ ಪಾರ್ಕು ತೆರೆಯಿತು. ಕೊಡೆಮರವಿದ್ದಲ್ಲಿ ತಿಂಡಿ ಅಂಗಡಿ, ಅದಕ್ಕೆ ಗಾಜಿನ ಗೋಡೆ. ತೊಟ್ಟಿಗೆ ಹೊಸ ಗಾರೆ, ಸುತ್ತ ದೀಪ, ಪಕ್ಕದಲ್ಲಿ ಫಲಕ: 'ಸ್ಥಳೀಯರ ಇಚ್ಛೆಯಂತೆ ಉಳಿಸಿಕೊಳ್ಳಲಾಗಿದೆ.' ಅಜ್ಜಿಯನ್ನು ಅಲ್ಲಿಗೆ ಕರೆದೊಯ್ಯಲಿಲ್ಲ. ಅವಳಿಗೆ ಆಗ ಬೆಳಕೂ ಕತ್ತಲೂ ಒಂದೇ ಆಗಿದ್ದವು.

ಕಡತ ಮುಚ್ಚಿದ ದಿನ ಸಾಹೇಬರು ಸುರುಳಿ ಸುತ್ತಿದ ಹಾಳೆಯನ್ನು ತಂದು ನನ್ನ ಮೇಜಿನ ಮೇಲಿಟ್ಟರು. "ಪದೇ ಪದೇ ಕೇಳ್ತಿದ್ರಲ್ಲ. ಇನ್ನಿದು ಯಾರಿಗೂ ಬೇಕಿಲ್ಲ." ನನ್ನ ಮುಖ ನೋಡದೆ ಹೋದರು.

ಮನೆಯ ಮೇಜಿನ ಮೇಲೆ ಹಾಳೆ ಹರಡಿದೆ. ಈ ಸಲ ತಿರುಗಿಸಿ, ಹಿಂದಿನ ಬಾಗಿಲು ಅಜ್ಜಿಯ ಮಡಿಲ ಕಡೆಗೆ ಬರುವಂತೆ. ಅವಳ ಬೆರಳು ಹಾಳೆಯಿಡೀ ತಡಕಾಡಿ ದೂರದ ಗುಂಡಿಯನ್ನು ಮುಟ್ಟಿತು.

"ನನ್ನದೇ ಹೊಲಿಗೆ. ನಾಲ್ಕು ಸುತ್ತು. ಬಿಚ್ಚು."

ಕತ್ತರಿಯ ತುದಿಯಿಂದ ದಾರ ಕತ್ತರಿಸಿ ಗುಂಡಿಯನ್ನು ಅವಳ ಅಂಗೈಯಲ್ಲಿಟ್ಟೆ.

"ಬಾಗಿಲು ಎಲ್ಲಿ?"

"ಇಲ್ಲಿ, ನಿನ್ನ ಹತ್ತಿರ."

"ನಮ್ಮದಾ?"

"ನಮ್ಮದೇ ಅಜ್ಜಿ."

ಅವಳು ಬಾಗಿಲಿನಿಂದ ಎರಡು ಬೆರಳುಗಳನ್ನು ಕಾಲಿನಂತೆ ನಡೆಸಿದಳು. ತುಟಿಯಲ್ಲಿ ಎಣಿಸುತ್ತಿದ್ದಳು. ಹನ್ನೊಂದಕ್ಕೆ ನಿಂತು ಎಡಕ್ಕೆ ತಿರುಗಿದಳು. "ಇಲ್ಲಿ ನೆರಳಿರಬೇಕು," ಎಂದಳು. ಅವಳು ಸೂಜಿಯನ್ನು ನನ್ನ ಕೈಗಿಟ್ಟಳು. "ನೀನೇ ಪೋಣಿಸು."

ಪೋಣಿಸಿದೆ. ಅವಳ ಬೆರಳಿದ್ದಲ್ಲೇ ಗುಂಡಿಯಿಟ್ಟು ಹೊಲಿದೆ. ಕಾಗದ ಹರಿಯದಂತೆ ನಿಧಾನವಾಗಿ, ನಾಲ್ಕು ಸುತ್ತು. ಹಾಳೆಯ ಹಿಂಬದಿಗೆ ಸೂಜಿ ಇಳಿಸಿ, ಗಂಟು ಬಿಗಿದು, ದಾರ ಕಡಿದೆ.